ಟಗರು ಕಾರಿನಲ್ಲಿ ಕಟ್ಟಿದ ಗೂಡು

ನಾನು ಹೆಣ್ಣು ನೋಡಲು ಶಿಡ್ಲಘಟ್ಟದ ಕಡೆಗೆ ಹೋದದ್ದು ಅರವತ್ತನಾಲ್ಕನೇ ಇಸವಿಯಲ್ಲಿ. ಗೌರಿಬಿದನೂರಿನಲ್ಲಿ ಗುಮಾಸ್ತನ ಕೆಲಸ, ತೊಂಡೇಬಾವಿಯಲ್ಲಿ ಒಂದಿಷ್ಟು ಹೊಲ, ಸ್ವಂತದ್ದೊಂದು ಸೈಕಲ್ಲು. ಇಷ್ಟಿದ್ದ ಗಂಡು ಸ್ವಲ್ಪ ಬಿಗಿಯಾಗಿಯೇ ಕೂರಬಹುದೆಂದು ನಾನು ತಿಳಿದಿದ್ದೆ. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಹಿರಿಯರು ಪದ್ಧತಿಯಂತೆ, "ಏನಾದ್ರೂ ಕೇಳೋದಿದ್ರೆ ಕೇಳಪ್ಪ ಚನ್ನಕೇಶವ" ಅಂದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹುಡುಗಿಯೇ ಕೇಳಿದಳು.

"ನೀವು ಬಂದ ಬಸ್ಸು ಯಾವ ಕಂಪ್ನೀದು?"

"ಕೆಂಪು ಬಸ್ಸು" ಅಂದೆ.

"ಬಣ್ಣ ಕೇಳ್ಲಿಲ್ಲ ನಾನು. ಅದು ಫಾರ್ಗೋ. ಕೆರೆ ಏರಿ ಮೇಲೆ ಗೇರ್ ಬದಲಾಯಿಸಿದಾಗ್ಲೇ ಗೊತ್ತಾಯ್ತು."

ಅವಳ ಅಪ್ಪ ಮುನಿವೆಂಕಟಪ್ಪನವರು ನೆಲ ನೋಡಿದರು. ಅವಳ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಪರೀಕ್ಷೆಯಲ್ಲಿ ನಾನು ನಪಾಸಾಗಿದ್ದೆ. ಆದರೂ ಮದುವೆಯಾಯಿತು. ಯಾಕೆ ಒಪ್ಪಿಕೊಂಡೆ ಎಂದು ಆಮೇಲೆ ಕೇಳಿದರೆ, "ಗೊತ್ತಿಲ್ದೇ ಇರೋದನ್ನ ಗೊತ್ತಿಲ್ಲ ಅನ್ನೋ ಹಂಗೆ ಮುಖ ಮಾಡಿದ್ರಿ, ಪಾಪ ಅನ್ನಿಸ್ತು" ಎಂದಳು ಶ್ಯಾಮಲಮ್ಮ. ಹೊಗಳಿಕೆಯೋ ಬೈಗುಳವೋ, ನಾನು ವಿಚಾರಿಸಲು ಹೋಗಲಿಲ್ಲ.

ಈಗ ಅರವತ್ತೊಂಬತ್ತನೇ ಇಸವಿ. ಐದು ವರ್ಷದ ಸಂಸಾರದಲ್ಲಿ ನಾನು ಕಲಿತಿರುವುದು ಇಷ್ಟು: ಹೆಂಚಿನ ಮೇಲೆ ದೋಸೆ ಇರುವಾಗ ರಸ್ತೆಯಲ್ಲಿ ಅಮೆರಿಕದ ಕಾರು ಹೋದರೆ, ಆ ದೋಸೆ ನನ್ನ ಪಾಲಿಗಿಲ್ಲ. ಸದ್ದಿನಲ್ಲೇ ಷೆವರ್ಲೆ ಯಾವುದು, ಸ್ಟೂಡಿಬೇಕರ್ ಯಾವುದು ಎಂದು ಹೇಳುತ್ತಾಳೆ. ಹೇಳಿ ಸುಮ್ಮನಾಗುವುದಿಲ್ಲ, ಹೋಗಿ ನೋಡಿ ಬರುತ್ತಾಳೆ. ಹೋದ ಚುನಾವಣೆಯಲ್ಲಿ ಯಾರೋ ಅಭ್ಯರ್ಥಿ ಹಿಂಬದಿಗೆ ರೆಕ್ಕೆಯಿರುವ ಷೆವರ್ಲೆಯಲ್ಲಿ ಬಂದಿದ್ದ. ಊರೆಲ್ಲ ವೇದಿಕೆ ನೋಡುತ್ತಿದ್ದರೆ ಇವಳು ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದಳು. ಆ ಮನುಷ್ಯ ಯಾವ ಪಕ್ಷದವನೆಂದು ಅವಳಿಗೆ ಇವತ್ತಿಗೂ ತಿಳಿಯದು. ನಮ್ಮ ದೇಶದ ಅಂಬಾಸಿಡರನ್ನು ಅವಳು ಬೈಯುವುದಿಲ್ಲ. "ಒಳ್ಳೇ ಸಂಭಾವಿತ" ಎನ್ನುತ್ತಾಳೆ. ನನ್ನ ಬಗ್ಗೆಯೂ ನಾಲ್ಕು ಜನರ ಮುಂದೆ ಅದೇ ಮಾತು ಹೇಳುತ್ತಾಳೆ, ಅದೇ ದನಿಯಲ್ಲಿ.

ಈ ಹುಚ್ಚು ಹತ್ತಿದ ಕಥೆಯನ್ನು ನಾನು ಅವಳಿಂದಲೂ ಕೇಳಿದ್ದೇನೆ, ಅವಳ ಅಜ್ಜಿ ಚಿಕ್ಕವೆಂಕಟಮ್ಮನವರ ಬಾಯಿಂದಲೂ ಕೇಳಿದ್ದೇನೆ. ಇಬ್ಬರೂ ಸುಳ್ಳು ಹೇಳುವುದರಲ್ಲಿ ಜಾಣೆಯರು. ಆದರೆ ಈ ಒಂದು ವಿಷಯದಲ್ಲಿ ಇಬ್ಬರ ಮಾತೂ ತಾಳೆಯಾಗುತ್ತದೆ.

ಮುನಿವೆಂಕಟಪ್ಪನವರ ಮನೆಯಲ್ಲಿ ತಲೆಮಾರುಗಳಿಂದ ರೇಷ್ಮೆ ಹುಳು ಸಾಕುವುದು ನಡೆದುಬಂದಿತ್ತು. ಅಂಥ ಮನೆಗೆ ಐವತ್ತೊಂದರಲ್ಲಿ ಒಂದು ಡಾಡ್ಜ್ ಕಾರು ಬಂತು. ಕೋಲಾರದ ಗಣಿ ಕಡೆಯ ಬಿಳಿ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟವನು ಮಾರಿದ್ದು. ಕಡು ಹಸಿರು ಬಣ್ಣ, ಮಂಚದಷ್ಟು ಅಗಲದ ಸೀಟು, ಸ್ಟೀರಿಂಗಿನ ಪಕ್ಕದಲ್ಲೇ ಗೇರು. ಮೂತಿಯ ತುದಿಯಲ್ಲಿ ಹಿತ್ತಾಳೆಯಂತೆ ಹೊಳೆಯುವ ಒಂದು ಟಗರು ನೆಗೆಯಲು ಸಿದ್ಧವಾಗಿ ನಿಂತಿತ್ತು. ಊರಿನವರು ಅದನ್ನು ಟಗರು ಕಾರು ಎಂದೇ ಕರೆದರು. ಶ್ಯಾಮಲೆಗೆ ಆಗ ಆರು ವರ್ಷ. ಅವಳ ಪ್ರಕಾರ ಮನೆಯಲ್ಲಿ ಬೆಲೆಯುಳ್ಳ ಜೀವವೆಲ್ಲ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿತ್ತು. ಆದ್ದರಿಂದ ಅವಳು ದಿನಾ ಬೆಳಿಗ್ಗೆ ಒಂದು ಎಲೆ ತಂದು ಟಗರಿನ ಬಾಯಿಗೆ ಹಿಡಿಯುತ್ತಿದ್ದಳು. ತಿನ್ನದಿದ್ದರೆ ಬೈಯುತ್ತಿದ್ದಳು.

ಮೊದಲ ಸಲ ಅಪ್ಪ ಅವಳನ್ನು ಕೂರಿಸಿಕೊಂಡು ಚಿಂತಾಮಣಿಯ ಸಂತೆಗೆ ಹೋದದ್ದನ್ನು ಇವತ್ತಿಗೂ ಅವಳು ಕಣ್ಣು ಮುಚ್ಚಿಕೊಂಡು ಹೇಳುತ್ತಾಳೆ. ಸೀಟಿನ ಮೇಲೆ ನಿಂತೇ ಹೋದಳಂತೆ. ಬಿಸಿಲಿಗೆ ಕಾದ ಸೀಟಿನ ವಾಸನೆ, ಕಿಟಕಿಯ ಮೂಲೆಯ ಪುಟ್ಟ ಗಾಜು ತಿರುಗಿಸಿದರೆ ಮುಖಕ್ಕೇ ಬರುವ ಗಾಳಿ, ಇಂಜಿನ್ನು ತನಗೊಬ್ಬಳಿಗೇ ಏನೋ ಹೇಳುತ್ತಿರುವಂಥ ಸದ್ದು. ಚಿಂತಾಮಣಿ ಬಂದಾಗ ಇಳಿಯಲಿಲ್ಲ. ಅಪ್ಪ ಸಂತೆ ಮುಗಿಸಿ ಬರುವವರೆಗೂ ಒಳಗೇ ಕೂತು ಹಾರ್ನ್ ಒತ್ತಿದಳು, ಬದನೆಕಾಯಿ ಮಾರುವವರು ಬಂದು ಬೈದರೂ ಒತ್ತಿದಳು.

ಈ ಸಂತೋಷಕ್ಕೆ ಮನೆಯಲ್ಲಿ ಒಬ್ಬರೇ ಶತ್ರು. ಅವಳ ಅಜ್ಜಿ.

ಹುಳುಮನೆ ಅಜ್ಜಿಯ ರಾಜ್ಯ. ರೇಷ್ಮೆ ಹುಳುವಿಗೆ ವಾಸನೆ ಆಗಿಬರುವುದಿಲ್ಲ. ಒಗ್ಗರಣೆ ಹೊಗೆ, ಸೀಮೆಎಣ್ಣೆ, ಬೀಡಿ, ಹೊಗೆಸೊಪ್ಪು, ಮಲ್ಲಿಗೆ ಹೂವು ಕೂಡ ಒಳಗೆ ಬರಕೂಡದು. ವಾಸನೆ ಹೊತ್ತವರು ಅಳಿಯನಾದರೂ ಹೊಸಿಲಾಚೆಯೇ ನಿಲ್ಲಬೇಕು. ಕಾರಿನಲ್ಲಿ ಕೂತು ಬಂದವರು ತಲೆಗೆ ಸ್ನಾನ ಮಾಡಿದರೆ ಮಾತ್ರ ಒಳಗೆ ಪ್ರವೇಶ. ಶ್ಯಾಮಲೆ ಕೆಲವು ದಿನ ಸ್ನಾನ ಮಾಡಿ ಮಾಡಿ ಶೀತ ಹಿಡಿಸಿಕೊಂಡಳು. ಕೊನೆಗೆ ಹುಳುಮನೆಯನ್ನೇ ಬಿಟ್ಟಳು, ಕಾರನ್ನು ಬಿಡಲಿಲ್ಲ. ಇದನ್ನು ಅಜ್ಜಿ ಕ್ಷಮಿಸಲಿಲ್ಲ.

ಐವತ್ತೈದರಲ್ಲಿ ಒಂದು ಬೆಳೆ ಹಾಳಾಯಿತು. ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸಿ, ಹಸಿರು ನೀರು ಕಕ್ಕಿ, ಮುದುರಿಕೊಂಡು ಸತ್ತವು. ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಹೀಗಾಗಿರಲಿಲ್ಲ. ಅಜ್ಜಿ ಖಾಲಿ ತಟ್ಟೆಗಳನ್ನು ಅಂಗಳದಲ್ಲಿ ಒಣಗಹಾಕಿ, ಮಗನನ್ನು ಕರೆದು ಹೇಳಿದಳು.

"ಆ ಕಾರಿನ ಗಬ್ಬಿಗೇ ನನ್ನ ಹುಳ ಹೋಯ್ತು. ಈ ಮನೇಲಿ ಕಾರಿರಬೇಕು, ಇಲ್ಲಾ ಹುಳ ಇರಬೇಕು. ಯಾವ್ದು ಅಂತ ನೀನೇ ಹೇಳಪ್ಪ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಾನಾದರೆ ಹೇಳುತ್ತಿದ್ದೆ. ಆದರೆ ನಮ್ಮ ಮಾವನವರು ಅಮ್ಮನ ಮುಂದೆ ಬಾಯಿ ಬಿಟ್ಟವರಲ್ಲ. ಚಿಂತಾಮಣಿಯಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದ ಎರ್ರಪ್ಪನಿಗೆ ಮಾರುವುದಾಗಿ ಮಾತು ಕೊಟ್ಟರು. ಮುಂದಿನ ಬೆಳೆ ಗೂಡಿಗೆ ಬರುವ ಹೊತ್ತಿಗೆ ಕಾರು ತೆಗೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಶ್ಯಾಮಲೆ ಊಟ ಬಿಟ್ಟಳು. ಯಾರೂ ಗಮನಿಸದ್ದರಿಂದ ಮತ್ತೆ ಊಟಕ್ಕೆ ಕೂತಳು. ಹೊಟ್ಟೆ ತುಂಬಿದ ಮೇಲೆ ಉಪಾಯ ಹೊಳೆಯಿತು ಎನ್ನುತ್ತಾಳೆ.

ಹುಳು ಹಣ್ಣಾದ ದಿನ ರೇಷ್ಮೆ ಮನೆಯಲ್ಲಿ ಮದುವೆ ಮನೆಯ ಗಡಿಬಿಡಿ ಇರುತ್ತದೆ. ಮೈ ಹೊನ್ನಿನ ಬಣ್ಣಕ್ಕೆ ತಿರುಗಿದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ಆ ಸಲ ಹುಳು ಒಟ್ಟಿಗೇ ಹಣ್ಣಾಗಿ ಚಂದ್ರಿಕೆ ಸಾಲದೆ ಹೋಯಿತು. ಅಪ್ಪ ಪಕ್ಕದ ಹಳ್ಳಿಯಿಂದ ಎರವಲು ತರಲು ಗಾಡಿ ಹೂಡಿದರು. ಅಜ್ಜಿ ಮತ್ತು ಸೊಸೆಗೆ ತಲೆ ತುರಿಸಿಕೊಳ್ಳಲೂ ಬಿಡುವಿಲ್ಲ. ಶ್ಯಾಮಲೆ ಸಂಭಾವಿತಳಂತೆ ತಲೆಗೆ ಸ್ನಾನ ಮಾಡಿ ಬಂದು, "ನಾನೂ ಆರಿಸ್ತೀನಿ ಅಜ್ಜಿ" ಅಂದಳು. ಅಜ್ಜಿಗೆ ಸಂತೋಷವಾಯಿತು. ಮೊಮ್ಮಗಳು ಒಂದು ಬುಟ್ಟಿ ಹುಳು ಆರಿಸಿ ನೇರವಾಗಿ ಕಾರಿಗೆ ಹೊತ್ತುಕೊಂಡು ಹೋದಳು. ಅಲ್ಲಿ ಮುಂದಿನ ಸೀಟು, ಹಿಂದಿನ ಸೀಟು ಎಲ್ಲ ಕಡೆ ಒಣಗಿದ ಸೊಪ್ಪಿನ ಕಡ್ಡಿ ಹರಡಿ ಹುಳು ಬಿಟ್ಟು ಬಾಗಿಲು ಹಾಕಿದಳು.

ಹುಡುಗಿಯ ಲೆಕ್ಕಾಚಾರ ನೋಡಿ. ಗೂಡು ಕಟ್ಟುತ್ತಿರುವ ಹುಳುವನ್ನು ನಮ್ಮ ಕಡೆ ಯಾರೂ ಅಲ್ಲಾಡಿಸುವುದಿಲ್ಲ, ಅದು ಪಾಪ. ಆದ್ದರಿಂದ ಕಾರು ಕದಲುವಂತಿಲ್ಲ. ಇನ್ನು ಕಾರಿನಲ್ಲೇ ಹುಳು ಬದುಕಿ ಗೂಡು ಕಟ್ಟಿಬಿಟ್ಟರೆ, ಕಾರಿನ ಮೇಲಿನ ಆಪಾದನೆಯೇ ಸುಳ್ಳು. ಹತ್ತು ವರ್ಷದ ಹುಡುಗಿ ಹೂಡಿದ ದಾವೆ ಇದು.

ಮಾರನೆಯ ಬೆಳಿಗ್ಗೆ ಎರ್ರಪ್ಪ ಬಂದು ಬಾಗಿಲು ತೆಗೆದವನು ಹಾಗೇ ಹಿಂದಕ್ಕೆ ಸರಿದ. ಸ್ಟೀರಿಂಗಿನ ಸಂದಿಯಲ್ಲಿ, ಸೀಟಿನ ಅಂಚಿನಲ್ಲಿ, ಹಿಂದಿನ ಗಾಜಿನ ಮೂಲೆಯಲ್ಲಿ ಹುಳುಗಳು ತಲೆ ಆಡಿಸುತ್ತ ನೂಲು ಸುತ್ತುತ್ತಿದ್ದವು.

"ಇದೇಮಮ್ಮಾ ಇದು" ಎಂದು ತೆಲುಗು ಬೆರೆಸಿ ಅಜ್ಜಿಯ ಮುಖ ನೋಡಿದ. "ನಮ್ಮತ್ತೆ ಮನೇಲೂ ಹುಳ ಸಾಕ್ತಾರೆ ತಾಯಿ. ಕಟ್ಟೋ ಹುಳಾನ ಅಲ್ಲಾಡಿಸೋ ಕೆಲ್ಸ ನಂಗೆ ಬೇಡ. ಗೂಡು ಬಿಡಿಸೋ ದಿನ ಬರ್ತೀನಿ."

ಅಜ್ಜಿ ಮೊಮ್ಮಗಳ ಕಿವಿ ಹಿಂಡಿದಳು. ಆದರೆ ಹುಳುವನ್ನು ಮುಟ್ಟಲಿಲ್ಲ. ಯಾರ ಮೇಲೆ ಕೋಪವಿದ್ದರೂ ಹುಳುವಿನ ಮೇಲೆ ಅವಳಿಗೆ ಕೋಪ ಬರುತ್ತಿರಲಿಲ್ಲ. ಇರುವೆ, ಹಲ್ಲಿ ಕಾಯಲು ಯಾರಾದರೂ ಬೇಕಲ್ಲ. ಮೂಗಿಗೆ ಸೆರಗು ಹಿಡಿದು ತಾನೇ ಮುಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ಹೊತ್ತಿನಲ್ಲಿ ಸೆರಗು ಕೆಳಗಿಳಿಯಿತು. ಇನ್ನೂ ಸ್ವಲ್ಪ ಹೊತ್ತಿನಲ್ಲಿ ಕಾಲು ಚಾಚಿದಳು. ಮಧ್ಯಾಹ್ನದ ಊಟವನ್ನು ಅಲ್ಲಿಗೇ ತರಿಸಿಕೊಂಡಳು. ಮೊಣಕಾಲು ನೋವಿಗೆ ಆ ಸೀಟು ಹಿತವಾಗಿತ್ತೆಂದು ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಒಪ್ಪಿಕೊಂಡಳು.

ಶ್ಯಾಮಲೆ ಹಿಂದಿನ ಸೀಟಿನ ಕೆಳಗೆ ಮುದುಡಿಕೊಂಡು ಹಲ್ಲಿ ಕಾಯುತ್ತಿದ್ದಳು. ಅವಳು ನಿದ್ದೆ ಹೋಗಿದ್ದಾಳೆಂದು ಅಜ್ಜಿ ತಿಳಿದಳು. ಅತ್ತಿತ್ತ ನೋಡಿ, ಸೊಂಟದ ಚೀಲಕ್ಕೆ ಕೈ ಹಾಕಿ, ಒಂದು ಪುಟ್ಟ ಡಬ್ಬಿ ತೆಗೆದು ಮೂಗಿಗೆ ಹೊಗೆಸೊಪ್ಪಿನ ಪುಡಿ ಒಂದು ಚಿಟಿಕೆ ಏರಿಸಿದಳು. ನಸ್ಯ. ಹಾಗೊಂದು ಚಟ ಅಜ್ಜಿಗಿರುವುದು ಮಗನಿಗೆ ಗೊತ್ತಿರಲಿಲ್ಲ, ಸೊಸೆಗೆ ಗೊತ್ತಿರಲಿಲ್ಲ. ಕೈ ಕೊಡವಿ, ಬೆರಳನ್ನು ಸೀರೆಗೆ ಒರೆಸಿ, ಜಾರಿದ ಎರಡು ಹುಳುಗಳನ್ನು ಎತ್ತಿ ಕಡ್ಡಿಯ ಮೇಲಿಟ್ಟಳು. ಸಂಜೆಯ ಹೊತ್ತಿಗೆ ಮುಂದಿನ ಸೀಟಿನಲ್ಲಿ ಇನ್ನೂ ಕಟ್ಟಲು ಶುರುಮಾಡದ ಹುಳುಗಳೆಲ್ಲ ತಲೆ ಎತ್ತಿ ಅತ್ತಿತ್ತ ಆಡಿಸಿ ಹಸಿರು ನೀರು ಕಕ್ಕಿದವು.

ಅಜ್ಜಿ ಅವನ್ನು ನೋಡಿದಳು. ಹೋದ ಬೆಳೆ ಸತ್ತದ್ದೂ ಹೀಗೆಯೇ. ಆಗ ಹುಳುಮನೆಯಲ್ಲಿ ಒಬ್ಬಳೇ ಕಾವಲು ಕೂತು ಸೊಪ್ಪು ಹಾಕುತ್ತಿದ್ದವಳು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲ.

ಗೂಡು ಬಿಡಿಸುವ ದಿನ ಎರ್ರಪ್ಪ ಮಾತಿನಂತೆ ಬಂದ. ಎಲ್ಲರೂ ಕಾರಿನ ಸುತ್ತ ನಿಂತರು. ಹಿಂದಿನ ಸೀಟಿನ ತುಂಬ ಗಟ್ಟಿಯಾದ ಹಳದಿ ಗೂಡು. ಮುಂದಿನ ಸೀಟಿನಲ್ಲಿ ಕಪ್ಪಾಗಿ ಮುದುರಿದ ಹುಳುಗಳೇ ಹೆಚ್ಚು.

"ಇಂಜಿನ್ ಹತ್ರ ಇರೋವೆಲ್ಲ ಸತ್ತವೆ" ಅಂದರು ಅಪ್ಪ, ಮಗಳ ಮುಖ ನೋಡದೆ. "ಅಮ್ಮ ಹೇಳಿದ್ದು ದಿಟ. ವಾಸ್ನೆ ಅಲ್ಲಿಂದ್ಲೇ ಬರೋದು. ತಗೊಂಡೋಗಪ್ಪ ಎರ್ರಪ್ಪ."

ಶ್ಯಾಮಲೆಗೆ ನಿಜ ಗೊತ್ತಿತ್ತು. ಬಾಯಿ ತೆರೆದರೆ ಕಾರು ಉಳಿಯುತ್ತಿತ್ತು. ಯಾಕೆ ತೆರೆಯಲಿಲ್ಲ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ, ಯಾಕೆಂದರೆ ನನ್ನ ವಿಷಯದಲ್ಲಿ ಅವಳ ಬಾಯಿ ಒಂದು ಸಲವೂ ಮುಚ್ಚಿದ್ದಿಲ್ಲ. "ಅಷ್ಟು ಜನದ ಮುಂದೆ ನಮ್ಮಜ್ಜೀನ ಹೆಂಗೆ ಅನ್ನೋದು" ಎನ್ನುತ್ತಾಳೆ. ಅವಳು ಟಗರಿನ ಕೊಂಬು ಹಿಡಿದುಕೊಂಡು ಅತ್ತಳು. ಸದ್ದು ಮಾಡದೆ ಅತ್ತಳು. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ಅವಳು ಹಾಗೆ ಅತ್ತದ್ದನ್ನು ನಾನು ಈ ಐದು ವರ್ಷದಲ್ಲಿ ಕಂಡಿಲ್ಲ.

ಎರ್ರಪ್ಪ ಮುಂದಿನ ಬಾಗಿಲಿಗೆ ಕೈ ಹಾಕಿದ. ಅಜ್ಜಿ ಅಡ್ಡ ಬಂದಳು.

"ಕೈ ತೆಗಿ. ಕಾರು ಏನೂ ಮಾಡಿಲ್ಲ. ನನ್ನ ಹುಳಾನ ನಾನೇ ಸಾಯಿಸಿದ್ದು." ಸೊಂಟದಿಂದ ಡಬ್ಬಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದಳು. "ನಸ್ಯ. ನಮ್ಮೆಜಮಾನ್ರು ಹೋದಾಗ್ಲಿಂದ ಏರಿಸ್ತಾ ಇದೀನಿ. ದಿನಾ ಕೈ ತೊಳ್ಕೊಂಡೇ ಒಳಗೆ ಹೋಗ್ತಿದ್ದೆ, ಹೋದ ಬೆಳೇಲಿ ಒಬ್ಳೇ ಕಾವಲು ಕೂತಾಗ ಈ ಕೈಲೇ ಸೊಪ್ಪು ಹಾಕಿದ್ದು. ಮೊದ್ಲು ನಂಗೂ ತಿಳೀಲಿಲ್ಲ, ಇಲ್ಲಿ ಕೂತ ಮೇಲೆ ತಿಳೀತು."

ಅಪ್ಪ, "ಹೋಗ್ಲಿ ಬಿಡಮ್ಮ, ಇನ್ನ ಮೇಲೆ ಬಿಟ್ಬಿಟ್ರೆ ಆಯ್ತು" ಅಂದರು. ಅಜ್ಜಿ ಅವರ ಕಡೆ ದುರುಗುಟ್ಟಿ ನೋಡಿದಳು.

"ಈ ವಯಸ್ಸಲ್ಲಿ ಬಿಟ್ಟೆ ಅಂತ ಹೇಳಿ ಕದ್ದು ಏರಿಸ್ಲಾ? ವಾಸ್ನೆ ಇರೋರು ಒಳಗೆ ಬರಬಾರ್ದು ಅಂತ ಊರ್ಗೆಲ್ಲ ಹೇಳ್ದೋಳು ನಾನು." ಸೊಸೆಯ ಕಡೆ ತಿರುಗಿದಳು. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಕಣಮ್ಮ. ಹುಳಮನೆ ನೀನು ನೋಡ್ಕೋ. ನಾನು ಹೊಸ್ಲು ದಾಟಲ್ಲ."

ಎರ್ರಪ್ಪ ಮೆಲ್ಲಗೆ ಬಸ್ಸಿನ ದಾರಿ ಹಿಡಿದ. ಉಳಿದವರು ಕಾರಿನೊಳಗಿನ ಗೂಡು ಬಿಡಿಸಿ, ಸತ್ತ ಹುಳು ಗುಡಿಸಿ, ಬುಟ್ಟಿ ಹೊತ್ತು ಒಳಗೆ ಹೋದರು. ನಲವತ್ತು ವರ್ಷ ಆಳಿದ ಬಾಗಿಲನ್ನು ಅಜ್ಜಿ ಅಂಗಳದಿಂದಲೇ ಒಂದು ಗಳಿಗೆ ನೋಡಿ, ಕಾರಿನ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ಶ್ಯಾಮಲೆ ಆ ಕಡೆಯಿಂದ ಹತ್ತಿ ಪಕ್ಕದಲ್ಲಿ ಕೂತು ಸ್ಟೀರಿಂಗು ಹಿಡಿದುಕೊಂಡಳು. ಇನ್ನೂ ಬಿಕ್ಕುತ್ತಿದ್ದಳು.

"ಅಳ್ಬೇಡ ಕಣೇ" ಅಂದಳು ಅಜ್ಜಿ. "ನಿನ್ನ ಕಾರು ನಿಂಗೆ ಸಿಕ್ತು. ನನ್ನ ಮನೆ ಹೋಯ್ತು. ಎಲ್ಗಾದ್ರೂ ಕರ್ಕೊಂಡೋಗು ಈಗ."