ಗಾಜಿನ ಪೆಟ್ಟಿಗೆಯ ಮೂರು ತಿಂಗಳೂ ಸೇರಿ

ನಮ್ಮತ್ತೆ ಕೂಕಾ ಅವರಷ್ಟು ಸಲೀಸಾಗಿ ಸುಳ್ಳು ಹೇಳುವವರನ್ನು ನಾನು ಇಡೀ ಸಾಂತಾ ಆನಾ ಊರಿನಲ್ಲಿ ನೋಡಿಲ್ಲ. ಹಾಗಂತ ಕೆಟ್ಟವರು ಅಂದುಕೊಂಡೀರಿ, ಜೋಕೆ! ಸಾಲ ತಂದ ಸಕ್ಕರೆಯನ್ನು ಒಂದು ಚಮಚ ಹೆಚ್ಚೇ ಹಾಕಿ ಹಿಂದಿರುಗಿಸುವ ಹೆಂಗಸು. ಅವರ ಸುಳ್ಳೆಲ್ಲ ಒಂದೇ ವಿಷಯದಲ್ಲಿ: ವಯಸ್ಸು.

ಮಕ್ಕಳ ವಯಸ್ಸು, ಮೊಮ್ಮಕ್ಕಳ ವಯಸ್ಸು, ತಮ್ಮದೇ ವಯಸ್ಸು, ಯಾವುದನ್ನೂ ಬಿಟ್ಟವರಲ್ಲ. ಐದು ವರ್ಷದೊಳಗಿನವರಿಗೆ ಊಟ ಪುಕ್ಕಟೆ ಎಂದು ಬೋರ್ಡು ಹಾಕಿದ್ದ ಹೋಟೆಲಿನಲ್ಲಿ ನನ್ನ ಗಂಡ ರಮೀರೊ ಎಂಟು ತುಂಬುವವರೆಗೂ ನಾಲ್ಕು ವರ್ಷದವನಾಗಿಯೇ ಉಂಡಿದ್ದಾನೆ. ಅತ್ತೆ ಒಂದು ವಸತಿ ಹೋಟೆಲಿನ ಲಾಂಡ್ರಿ ಕೆಲಸಕ್ಕೆ ಸೇರುವಾಗ ತಮ್ಮ ವಯಸ್ಸಿನಲ್ಲಿ ಆರು ವರ್ಷ ಇಳಿಸಿದರು, ಬಸ್ಸಿನಲ್ಲಿ ಹಿರಿಯರ ಟಿಕೆಟ್ಟಿಗೆ ಐದು ವರ್ಷ ಏರಿಸಿದರು. ಸುಮಾರಾಗಿ ಎರಡೂ ಸರಿಹೋಗುತ್ತದಲ್ಲ ಎನ್ನುತ್ತಾರೆ.

ಆ ಲಾಂಡ್ರಿ ಇದ್ದದ್ದು ಊರೂರಿನವರು ಮಕ್ಕಳನ್ನು ಕರೆತರುವ ದೊಡ್ಡ ಆಟದ ಪಾರ್ಕಿನ ಎದುರು. ನಮ್ಮ ಕಡೆ ಪಾರ್ಕು ಎಂದರೆ ಸಾಕು, ಯಾವುದು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತಾರು ವರ್ಷ ಅತ್ತೆ ಅಲ್ಲಿ ನಿಂತು, ಪಾರ್ಕು ನೋಡಲು ಬಂದವರು ಮಲಗಿ ಎದ್ದ ಹಾಸಿಗೆ ಬಟ್ಟೆಗಳನ್ನು ಮಡಿಸಿದ್ದಾರೆ. ತಾವು ಒಳಗೆ ಹೋಗಿದ್ದು ಮೂರೇ ಸಲ. ಮೂರೂ ಸಲ ಒಂದೊಂದು ಮಗು ಪುಕ್ಕಟೆ.

ಮೂರು ವರ್ಷದ ಕೆಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ಟಿಲ್ಲ. ರಮೀರೊಗೆ ಐದೂವರೆ ವರ್ಷವಿದ್ದಾಗ ಅತ್ತೆ ಅವನನ್ನು ಪಕ್ಕದ ಮನೆಯವರ ಮಗುವಿನ ತಳ್ಳುಗಾಡಿಯಲ್ಲಿ ತುರುಕಿ, ಮಂಡಿಯ ಮೇಲೆ ಕಂಬಳಿ ಹೊದಿಸಿ, ಬಾಯಿಗೆ ಹಾಲಿನ ಬಾಟಲಿ ಕೊಟ್ಟು, "ತುಟಿ ಬಿಚ್ಚಿದ್ಯೋ, ಇಲ್ಲಿಂದಲೇ ವಾಪಸ್ಸು" ಎಂದು ಹೇಳಿ ಗೇಟಿಗೆ ತಳ್ಳಿಕೊಂಡು ಹೋಗಿದ್ದರಂತೆ. ಎರಡು ವರ್ಷ ಎಂದರು. ಗೇಟಿನ ಮುದುಕ ನಂಬಿದ. ನಂಬಿ ಹುಡುಗನ ಅಂಗಿಗೆ ಒಂದು ಸ್ಟಿಕ್ಕರ್ ಅಂಟಿಸಿದ. ನನ್ನ ಗಂಡ, ಆ ಜಾಣ, ಬಾಯಿಂದ ಬಾಟಲಿ ತೆಗೆದು, ಮುದುಕನ ಎದೆಯ ಮೇಲಿದ್ದ ಹೆಸರಿನ ಪಟ್ಟಿ ಓದಿ, "ಥ್ಯಾಂಕ್ಯೂ, ಮಿಸ್ಟರ್ ಗಿಲ್ಬರ್ಟ್" ಎಂದನಂತೆ!

"ಎರಡು ವರ್ಷಕ್ಕೇ ಓದ್ತಾನೇನಮ್ಮಾ?" ಎಂದು ಮುದುಕ ಕೇಳಿದ್ದಕ್ಕೆ ಅತ್ತೆ ಕಣ್ಣು ಮಿಟುಕಿಸದೆ, "ಅವರಪ್ಪನ ಕಡೆ ಎಲ್ಲಾ ಹಿಂಗೇ" ಎಂದರಂತೆ. ಮುದುಕ ಹೊಟ್ಟೆ ಹಿಡಿದುಕೊಂಡು ನಕ್ಕು ಒಳಗೆ ಬಿಟ್ಟ. ಈ ಕಥೆಯನ್ನು ಪ್ರತಿ ಕ್ರಿಸ್ಮಸ್ಸಿಗೂ ಜೋಳದ ಸಿಪ್ಪೆಯಲ್ಲಿ ಹಿಟ್ಟಿಟ್ಟು ತಮಾಲೆ ಕಟ್ಟುತ್ತಾ ನಾವು ಕೇಳಲೇಬೇಕು. ಪ್ರತಿ ಸಲವೂ ನಗುತ್ತೇವೆ.

ನನ್ನ ಮಗಳು ಇತ್ಸೆಲ್ ಹುಟ್ಟಿದ್ದು ಫೆಬ್ರವರಿ ಒಂದಕ್ಕೆ. ಹುಟ್ಟಬೇಕಾಗಿದ್ದದ್ದು ಮೇ ತಿಂಗಳ ಮೊದಲ ವಾರದಲ್ಲಿ. ತೂಕ ಒಂಬೈನೂರ ನಲವತ್ತು ಗ್ರಾಂ. ಅಡುಗೆಮನೆಯಲ್ಲಿ ಒಂದು ಕಿಲೊ ಬೀನ್ಸ್ ಕಾಳಿನ ಪೊಟ್ಟಣ ಎತ್ತಿದಾಗೆಲ್ಲ ನಾನು ಇವತ್ತಿಗೂ ಎರಡೂ ಕೈ ಕೊಟ್ಟು ಹಿಡಿಯುತ್ತೇನೆ. ಎಂಬತ್ತನಾಲ್ಕು ದಿನ ಅವಳು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗಿದ್ದಳು. ಮೂಗಿಗೆ ಕೊಳವೆ, ಕಾಲಿಗೆ ತಂತಿ. ಉಸಿರಾಡುವುದನ್ನೇ ಮರೆತುಬಿಡುತ್ತಿದ್ದಳು. ಆಗ ಯಂತ್ರ ಕೂಗುತ್ತಿತ್ತು, ದಾದಿ ಬಂದು ಅಂಗಾಲು ತಟ್ಟಿ ನೆನಪು ಮಾಡುತ್ತಿದ್ದಳು.

ನಾನು ಹೆದರಿಕೊಂಡು ಆ ಕಡೆ ನೋಡುತ್ತಿರಲಿಲ್ಲ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ನನ್ನ ಮಗು ನನಗೆ ಉಳಿಯುವುದಿಲ್ಲ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ. ಅತ್ತೆ ಮಾತ್ರ ಲಾಂಡ್ರಿ ಪಾಳಿ ಮುಗಿಸಿ ದಿನವೂ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಬ್ಲೀಚಿಗೆ ಒಡೆದ ಕೈಗಳನ್ನು ಮೊಣಕೈತನಕ ಸೋಪು ಹಾಕಿ ತೊಳೆದು, ಉರಿಗೆ ಹಲ್ಲು ಕಚ್ಚಿಕೊಂಡು, ಪೆಟ್ಟಿಗೆಯ ತೂತಿನಲ್ಲಿ ಒಂದು ಬೆರಳು ತೂರಿಸುತ್ತಿದ್ದರು. ಮಗು ಅದನ್ನು ಹಿಡಿದುಕೊಳ್ಳುತ್ತಿತ್ತು. "ಇವತ್ತು ಇಪ್ಪತ್ಮೂರು ಕಣೇ, ಬಂಗಾರಿ. ನಾಳೆ ಇಪ್ಪತ್ನಾಲ್ಕು. ನಾಳೆ ನಾನ್ ಬಂದಾಗ ನೀನ್ ಇಲ್ಲೇ ಇರ್ಬೇಕು, ತಿಳೀತಾ?" ಎನ್ನುತ್ತಿದ್ದರು. ಮನೆಗೆ ಬಂದು, ಮಾಂಸದಂಗಡಿಯವರು ಹೊಸ ವರ್ಷಕ್ಕೆ ಕೊಟ್ಟಿದ್ದ ದೇವಮಾತೆಯ ಚಿತ್ರದ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಇಪ್ಪತ್ಮೂರು ಎಂದು ಬರೆಯುತ್ತಿದ್ದರು. ಎಂಬತ್ತನಾಲ್ಕರವರೆಗೂ ಬರೆದರು.

ಮನೆಗೆ ಕಳಿಸುವ ದಿನ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿದರು: "ಇವಳಿಗೆ ಇನ್ಮೇಲೆ ಎರಡು ವಯಸ್ಸು. ಹುಟ್ಟಿದ ದಿನದಿಂದ ಒಂದು. ಹುಟ್ಬೇಕಾಗಿದ್ದ ದಿನದಿಂದ ಇನ್ನೊಂದು. ಸದ್ಯಕ್ಕೆ ತೂಕ, ನಡಿಗೆ, ಮಾತು ಎಲ್ಲಾ ಎರಡನೇ ಲೆಕ್ಕದಲ್ಲೇ ನೋಡೋಣ. ಆ ಮೂರು ತಿಂಗಳು ಬಿಟ್ಬಿಡಿ."

ಅತ್ತೆ ನನ್ನ ಪಕ್ಕೆ ತಿವಿದರು. "ಕೇಳಿಸ್ಕೊಂಡ್ಯಾ ಲಿದಿಯಾ? ಅಷ್ಟು ಓದಿದ ಡಾಕ್ಟ್ರೇ ವಯಸ್ಸು ಇಳಿಸ್ತಾರೆ. ನನ್ನ ಮಾತ್ರ ಬೈತೀರಲ್ಲ!" ನಾವೆಲ್ಲ ನಕ್ಕೆವು. ಮೂರು ತಿಂಗಳಲ್ಲಿ ನಾನು ನಕ್ಕಿದ್ದು ಅದೇ ಮೊದಲು.

ಇತ್ಸೆಲ್ ನಡೆದದ್ದು ತಡ, ಮಾತಾಡಿದ್ದು ಇನ್ನೂ ತಡ. ಎಡಗೈ ಬೆರಳುಗಳು ಹೇಳಿದ ಮಾತು ಕೇಳುತ್ತಿರಲಿಲ್ಲ. ಮೂರನೇ ಹುಟ್ಟುಹಬ್ಬ ಹತ್ತಿರವಾದಾಗ ಅತ್ತೆ ಅವಳನ್ನು ಅಡುಗೆಮನೆಯ ಮೇಜಿಗೆ ಕೂರಿಸಿಕೊಂಡು, ಮೂರು ಬೀನ್ಸ್ ಕಾಳಿಟ್ಟು, ಒಂದೊಂದು ಕಾಳಿಗೆ ಒಂದೊಂದು ಬೆರಳು ಎತ್ತಿಸುತ್ತಿದ್ದರು. ಎರಡು ತಿಂಗಳು ಹಿಡಿಯಿತು. ಕಿರುಬೆರಳನ್ನು ಹೆಬ್ಬೆರಳಿನಿಂದ ಅದುಮಿ ಹಿಡಿದು ಮೂರು ಬೆರಳು ನೆಟ್ಟಗೆ ನಿಲ್ಲಿಸಿದ ದಿನ ಆ ಹುಡುಗಿಯ ಗತ್ತು ಏನು ಕೇಳುತ್ತೀರಿ! ಅಂಚೆಯವನಿಗೆ ಮೂರು. ನಾಯಿಗೆ ಮೂರು. ಚರ್ಚಿನಲ್ಲಿ ಪಾದ್ರಿ ಆಶೀರ್ವಾದಕ್ಕೆ ಕೈ ಎತ್ತಿದರೆ ಅವರಿಗೂ ಮೂರು.

ಏಪ್ರಿಲ್ಲಿನಲ್ಲಿ ಪಾರ್ಕಿಗೆ ಹೋಗುವುದೆಂದು ನಿಶ್ಚಯವಾಯಿತು. ಟಯರ್ ಅಂಗಡಿಯಲ್ಲಿ ಭಾನುವಾರಗಳೂ ದುಡಿದು ರಮೀರೊ ಮೂರು ಟಿಕೆಟ್ ತಂದ. ಅವನಿಗೆ, ನನಗೆ, ಅವನ ಅಮ್ಮನಿಗೆ. ಇನ್ನೊಂದಕ್ಕೆ ನೂರು ಡಾಲರಿಗೂ ಮೇಲೆ. ಎಲ್ಲಿಂದ ತರೋಣ?

"ತರೋದೇ ಬೇಡ" ಎಂದ ರಮೀರೊ. "ಡಾಕ್ಟ್ರ ಲೆಕ್ಕದಲ್ಲಿ ಅವಳಿಗೆ ಇನ್ನೂ ಮೂರು ತುಂಬಿಲ್ಲ. ಮೇ ತಿಂಗಳಿಗೆ ತುಂಬೋದು. ಇದು ಸುಳ್ಳೂ ಅಲ್ಲ. ಅಲ್ವೇನಮ್ಮಾ?"

ಅತ್ತೆ ಹೆಂಚಿನ ಮೇಲೆ ಟೊರ್ಟಿಯಾ ರೊಟ್ಟಿ ಮಗುಚುತ್ತಿದ್ದರು. "ಹೂಂ" ಎಂದರು, ಅಷ್ಟೇ.

"ನೀನೇ ಹೇಳ್ಕೊಡು ಅವಳಿಗೆ. ಈ ವಿದ್ಯೆ ನಿನ್ನಷ್ಟು ಯಾರಿಗ್ ಬರತ್ತೆ?"

"ನಾಳೆ ಹೇಳ್ಕೊಡ್ತೀನಿ ಬಿಡು."

ನಾಳೆಗಳು ಬಂದವು, ಹೋದವು. ಅತ್ತೆ ಹೇಳಿಕೊಡಲಿಲ್ಲ. ಒಂದು ದಿನ ತಲೆನೋವು, ಇನ್ನೊಂದು ದಿನ ಮಗುವಿಗೇ ನಿದ್ದೆ ಎಂದರು. ಕೊನೆಗೆ ರಮೀರೊನೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಪಾರ್ಕಿನ ಅಕ್ಕ ಕೇಳಿದ್ರೆ ಎರಡು ಅನ್ಬೇಕು ಚಿನ್ನಾ" ಎಂದು ಮೂರನೇ ಬೆರಳನ್ನು ಮೆಲ್ಲಗೆ ಮಡಚಿಸಿದ. ಮಡಚಿದರೆ ಅದು ಮತ್ತೆ ಏಳುತ್ತಿತ್ತು. ಅವಳಿಗೆ ಇದೊಂದು ಆಟ. ನಾನು ನಕ್ಕೆ. ಅತ್ತೆ ಎದ್ದು ಹಿತ್ತಲಿಗೆ ಹೋಗಿ ಒಣಗದ ಬಟ್ಟೆಗಳನ್ನೇ ತೆಗೆದು ಮಡಿಸತೊಡಗಿದರು.

ಭಾನುವಾರ ಬೆಳಿಗ್ಗೆ ಪಾರ್ಕಿನ ಗೇಟಿನ ಸಾಲಿನಲ್ಲಿ ನಿಂತೆವು. ತಳ್ಳುಗಾಡಿ, ಕಂಬಳಿ, ಬಾಟಲಿ ಎಲ್ಲ ತಂದಿದ್ದೆವು, ಹಳೆಯ ಶಾಸ್ತ್ರದ ಪ್ರಕಾರ. ಇತ್ಸೆಲ್ ವಯಸ್ಸಿಗಿಂತ ಚಿಕ್ಕವಳಾಗಿಯೇ ಕಾಣುತ್ತಾಳೆ, ಯಾರೂ ಅನುಮಾನ ಪಡುವಂತಿರಲಿಲ್ಲ. ಆದರೂ ನಾನು ಅವಳ ಕಂಬಳಿಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದೆ. ಅಪ್ಪಿತಪ್ಪಿ ಸಿಕ್ಕಿಬಿದ್ದರೆ ಮಗು ಗೇಟಿನಿಂದಲೇ ಹಿಂದಿರುಗಬೇಕು. ತಿಂಗಳಿಂದ ಅವಳು ಪ್ರತಿ ಬೆಳಿಗ್ಗೆ ಎದ್ದವಳೇ "ಇವತ್ತಾ?" ಎಂದು ಕೇಳುತ್ತಿದ್ದಳು.

ಗೇಟಿನ ಹುಡುಗಿ ನಮ್ಮವಳೇ, ನಮ್ಮ ಭಾಷೆಯಲ್ಲೇ ಮಾತಾಡಿಸಿದಳು. ಅತ್ತೆಯ ಕೈಯಲ್ಲಿದ್ದ ಮೂರು ಟಿಕೆಟ್ ನೋಡಿ, ತಳ್ಳುಗಾಡಿಯ ಕಡೆ ಬಗ್ಗಿ, "ಪುಟ್ಟಿಗೆ ಎಷ್ಟು ವರ್ಷ?" ಎಂದಳು.

ಇತ್ಸೆಲ್ ಠೀವಿಯಿಂದ ಎಡಗೈ ಎತ್ತಿದಳು. ಮೂರು ಬೆರಳು. ಆಮೇಲೆ ಅಪ್ಪನ ಮುಖ ನೋಡಿದಳು. ಏನೋ ನೆನಪಾಯಿತು. ಬಲಗೈ ತಂದು, ಎದ್ದು ನಿಂತಿದ್ದ ಮೂರನೇ ಬೆರಳನ್ನು ಹಿಡಿದು, ತುಟಿ ಕಚ್ಚಿಕೊಂಡು ಕೆಳಗೆ ಬಗ್ಗಿಸತೊಡಗಿದಳು.

"ಎರಡು" ಎಂದು ರಮೀರೊ ಬೇಗ ಹೇಳಿದ.

"ಮೂರು" ಎಂದರು ಅತ್ತೆ.

ನಾವಿಬ್ಬರೂ ತಿರುಗಿ ನೋಡಿದೆವು. ಅತ್ತೆಯ ಮುಖ ಕೆಂಪಾಗಿತ್ತು. "ಮೂರು ವರ್ಷ, ಎರಡು ತಿಂಗಳು, ಹನ್ನೊಂದು ದಿನ. ಬರ್ಕೋ ಮಗಳೇ."

"ಅಮ್ಮಾ! ಏನ್ ಮಾಡ್ತಿದ್ದೀಯ? ಡಾಕ್ಟ್ರ ಲೆಕ್ಕದಲ್ಲಿ..."

"ಡಾಕ್ಟ್ರ ಲೆಕ್ಕ ತೂಕಕ್ಕೆ ಕಣೋ! ಆ ಮೂರು ತಿಂಗ್ಳು ಅವಳು ಪೆಟ್ಟಿಗೇಲಿ ಏನ್ ಮಾಡ್ತಿದ್ಲು, ನಿದ್ದೆ ಮಾಡ್ತಿದ್ಲಾ? ಒಂದೊಂದು ಉಸಿರಿಗೂ ಒದ್ದಾಡಿದ್ದಾಳೆ. ನೀನು ನಾನು ಮೂವತ್ತು ವರ್ಷದಲ್ಲಿ ಅಷ್ಟು ಬದುಕಿಲ್ಲ. ಅದನ್ನ ಇಲ್ಲ ಅಂತೀಯಾ? ಅವಳ ಕೈಯಿಂದಲೇ ಇಲ್ಲ ಅನ್ನಿಸ್ತೀಯಾ?" ಅವರು ಮಗುವಿನ ಮೇಲಿದ್ದ ಕಂಬಳಿಯನ್ನು ಎಳೆದು ಪಕ್ಕಕ್ಕಿಟ್ಟರು. "ನಂಗೆ ಆಗಲ್ಲಪ್ಪ. ನಾಲಿಗೆ ಹೊರಳೋದಿಲ್ಲ."

ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದರು. ಗೇಟಿನ ಹುಡುಗಿಗೆ ಏನು ಮಾಡಬೇಕೋ ತಿಳಿಯದೆ, "ಹಾಗಾದ್ರೆ ಇನ್ನೊಂದು ಟಿಕೆಟ್ ಬೇಕಾಗತ್ತಲ್ಲ ಅಮ್ಮಾ" ಎಂದಳು.

"ಬೇಡ, ಇದೆ" ಎಂದರು ಅತ್ತೆ. ಮೂರು ಟಿಕೆಟ್ಟಿನಲ್ಲಿ ಒಂದನ್ನು ಇತ್ಸೆಲ್‌ಳ ಮುಷ್ಟಿಗೆ ಕೊಟ್ಟರು. "ಇದು ಅವಳದು. ದೊಡ್ಡೋರ ಟಿಕೆಟ್ಟಲ್ಲಿ ಮಗು ಹೋಗ್ಬೋದಲ್ವಾ?"

ಹೋಗಬಹುದು ಎಂದಳು ಹುಡುಗಿ.

ನಾನು ಅವರ ತೋಳು ಹಿಡಿದುಕೊಂಡೆ. "ಅತ್ತೆ, ನೀವು ಹೋಗಿ. ನಾನ್ ಹೊರಗೆ ಕೂರ್ತೀನಿ."

"ಥೂ, ಹುಚ್ಚಿ! ನಾನು ಮೂರ್ ಸಲ ನೋಡಿಲ್ವಾ? ಕಾಲ್ ಬೇರೆ ನೋವು. ಆವಾಗ ನೀನು ಅವಳನ್ನ ಕಣ್ತುಂಬ ನೋಡ್ಲೇ ಇಲ್ಲ, ಹೆದರ್ಕೊಂಡು. ಈಗ ಹೋಗಿ ನೋಡು."

ಅವರಿಗೆ ಅದು ಗೊತ್ತಿತ್ತು. ಮೂರು ವರ್ಷ ನನಗೆ ಒಂದು ಮಾತೂ ಅಂದಿರಲಿಲ್ಲ. ನಾನು ಅಲ್ಲೇ, ಅಷ್ಟು ಜನರ ಮಧ್ಯೆ, ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವರು ನನ್ನ ಬೆನ್ನು ತಟ್ಟಿ, ಕೈಯಿಂದ ಬುರಿಟೊ ಕಟ್ಟಿದ್ದ ಚೀಲ ಕಿತ್ತುಕೊಂಡರು, ಒಳಗೆ ತಿಂಡಿ ಸಿಗುತ್ತದೆ ಎಂದು.

ಒಳಗೆ ಹೋಗಿ ತಿರುಗಿ ನೋಡಿದೆ. ಅತ್ತೆ ಕಂಬಿಯ ಆಚೆ ನಿಂತು ಮೂರು ಬೆರಳು ಎತ್ತಿದ್ದರು. ಇತ್ಸೆಲ್ ಅಪ್ಪನ ಹೆಗಲ ಮೇಲಿಂದ ತಾನೂ ಎತ್ತಿದಳು. ಅವತ್ತು ಕುದುರೆ ಬಂಡಿಯವನಿಗೆ, ಐಸ್‌ಕ್ರೀಮಿನವಳಿಗೆ, ಬಾತುಕೋಳಿಗಳಿಗೆ, ಕೇಳಿದವರಿಗೂ ಕೇಳದವರಿಗೂ ಅದನ್ನೇ ತೋರಿಸಿದಳು. ನಾನು ಬೇರೆ ಏನನ್ನೂ ನೋಡಲಿಲ್ಲ, ಅವಳನ್ನೇ ನೋಡಿದೆ.

ಸಂಜೆ ಹೊರಗೆ ಬಂದಾಗ ಅತ್ತೆ ಬೆಂಚಿನ ಮೇಲೆ ನಾಲ್ಕು ಹೆಂಗಸರನ್ನು ಕೂರಿಸಿಕೊಂಡು ಮಿಸ್ಟರ್ ಗಿಲ್ಬರ್ಟ್ ಕಥೆ ಹೇಳುತ್ತಿದ್ದರು. ಬುರಿಟೊ ಎಲ್ಲ ಖರ್ಚಾಗಿತ್ತು. ರಮೀರೊ ಅಮ್ಮನ ಚೀಲ ಎತ್ತಿಕೊಂಡ, ನಿದ್ದೆಹೋಗಿದ್ದ ಮಗಳನ್ನು ಅವರ ತೋಳಿಗೆ ಕೊಟ್ಟ.

ಬಸ್ಸು ಬಂತು. ಅತ್ತೆ ಹತ್ತುತ್ತಲೇ ಹಿರಿಯರ ಟಿಕೆಟ್ ಕೇಳಿದರು. ಡ್ರೈವರ್ ಹೊಸಬ, ಮೇಲಿಂದ ಕೆಳಗೆ ನೋಡಿ ವಯಸ್ಸೆಷ್ಟು ಎಂದ.

"ಅರವತ್ತೇಳು" ಎಂದರು ಅತ್ತೆ. ಆಗಿರುವುದು ಅರವತ್ತೆರಡು.

ಸೀಟಿನಲ್ಲಿ ಕೂತ ಮೇಲೆ ನಾನು ಸುಮ್ಮನಿರಲಾರದೆ ಕಿವಿಯಲ್ಲಿ, "ಅತ್ತೇ! ಬೆಳಿಗ್ಗೆ ನಾಲಿಗೆ ಹೊರಳೋದಿಲ್ಲ ಅಂದ್ರಿ?" ಎಂದೆ.

ಅವರು ಇತ್ಸೆಲ್‌ಳ ತಲೆಯನ್ನು ತಮ್ಮ ಭುಜಕ್ಕೆ ಸರಿಯಾಗಿ ಒರಗಿಸಿಕೊಂಡರು. "ನನ್ನ ವಯಸ್ಸು ತಾನಾಗೇ ಬಂದಿದ್ದು ಕಣೇ, ಹೆಂಗ್ ಬೇಕಾದ್ರೂ ಎಳೀತೀನಿ. ಅವಳದ್ದು ಅವಳು ದುಡಿದಿದ್ದು."