ಮಲ್ಲಪ್ಪನ ಹೆಸರಿನಲ್ಲಿ ನಾನು ಊದಿದ ಉಸಿರು

ಇನ್ನೂ ನಂಬಲಿಕ್ಕೆ ಆಗುತ್ತಿಲ್ಲ...
ಭಾನುವಾರ ಫೋನಿನಲ್ಲಿ, "ಈ ಆಕ್ಸಿಜನ್ ಪೈಪ್ ಮೂಗಿಗೆ ನತ್ತು ಹಾಕ್ದಂಗ ಐತಿ ನೋಡಣ್ಣ" ಅಂತ ನಕ್ಕವನು...
ಇವತ್ತು ಬೆಳಿಗ್ಗೆ ಇಲ್ಲ.

ಪ್ರೀತಿಯ ಬಂಧುಗಳೇ, ಶೆಡ್ಡಿನ ಗೆಳೆಯರೇ,
ನಮ್ಮ ಮಲ್ಲಪ್ಪ ಹೋದ.
ಗದಗದ ಕಡೆಯವನು. ಪೀಣ್ಯದ ಗ್ರೈಂಡಿಂಗ್ ಶೆಡ್ಡಿನಲ್ಲಿ ಇಪ್ಪತ್ತು ವರ್ಷ ನನ್ನ ಪಕ್ಕದ ಮಷೀನು ಅವನದು.
ಸಿಗರೇಟಿನಿಂದ ಶ್ವಾಸಕೋಶ ಸವೆದು ಹೋಗಿತ್ತು ಅಂದರು ಡಾಕ್ಟರು.

ಟೀ ಬ್ರೇಕಿಗೆ ನಮ್ಮಿಬ್ಬರಿಗೂ ಒಂದೇ ಸಿಗರೇಟು... ಬೈ ಟೂ.
ಅರ್ಧ ಸೇದಿದರೆ ಅರ್ಧವೇ ಕೇಡು ಅಂತ ನಮ್ಮ ಲೆಕ್ಕ.
ಜಾಲಹಳ್ಳಿ ಮೆಟ್ರೋ ಮೆಟ್ಟಿಲಿನ ನಡುವೆ ಒಂದು ದಿನ ಏದುಸಿರು ಬಿಟ್ಟು ಕೂತುಬಿಟ್ಟೆ ನಾನು.
ಹೆದರಿ ಸಿಗರೇಟು ಬಿಟ್ಟೆ. ಮೊದಲ ತಿಂಗಳು ನರಕ, ಸೇದಬೇಕು ಅನ್ನಿಸಿದಾಗ ಜಗಿಯಲಿಕ್ಕೆ ಜೇಬು ತುಂಬ ಲವಂಗ.
ಆಮೇಲೆ ಬೆಳಗಿನ ಕೆಮ್ಮು ಹೋಯಿತು... ಸಾರಿನ ಒಗ್ಗರಣೆ ವಾಸನೆ ವಾಪಸ್ ಬಂತು.
ಮಲ್ಲಪ್ಪ ಅಂದ, "ಚಲೋ ಆತು ಬಿಡು. ನಿನ್ನ ಪಾಲಿಂದೂ ನಾನಾ ಸೇದ್ತೀನಿ."

ಆರು ವರ್ಷದ ಹಿಂದೆ ಶೆಡ್ಡಿನಲ್ಲಿ ಹೆಲ್ತ್ ಚೆಕಪ್.
ಪೈಪಿನೊಳಗೆ ಜೋರಾಗಿ ಊದಬೇಕು, ಉಸಿರಿನ ಬಲ ಅಳೆಯುತ್ತಾರೆ.
ಫೇಲಾದರೆ ಕೆಲಸದಿಂದ ತೆಗೆಯುತ್ತಾರೆ ಅಂತ ಯಾರೋ ಹಬ್ಬಿಸಿದ್ದರು.

ಮಲ್ಲಪ್ಪಾ...
ನೀನು ನಿನ್ನ ಟೋಕನ್ ನನ್ನ ಕೈಗಿಟ್ಟೆ. "ನಂದೂ ನೀನಾ ಊದಿ ಬಾರಣ್ಣ, ಮಾರಿ ಯಾರು ನೋಡ್ತಾರ?"
ನಾನು ಇಲ್ಲ ಅನ್ನಲಿಲ್ಲ ಕಣೋ.
ಸ್ನೇಹ ಅಂದುಕೊಂಡೆ.
ಎರಡು ಸಲ ಊದಿದೆ. ಒಂದು ನನ್ನ ಹೆಸರಿಗೆ, ಊಟ ಆದಮೇಲೆ ಬೇರೆ ನರ್ಸ್ ಕೂತಾಗ ಇನ್ನೊಂದು ನಿನ್ನ ಹೆಸರಿಗೆ.
ಆಕೆ ಅಂದಳು, "ಒಳ್ಳೇ ಲಂಗ್ಸು ಮಲ್ಲಪ್ಪನವ್ರೇ, ಇಂಗೇ ಮೇಂಟೇನ್ ಮಾಡಿ."
ಗೇಟಿನ ಹೊರಗೆ ನಾವಿಬ್ಬರೂ ಎಷ್ಟು ನಕ್ಕೆವು...
ನೀನು ನಗುತ್ತಲೇ ಒಂದು ಸಿಗರೇಟು ಹಚ್ಚಿದೆ.

ಆ ರಿಪೋರ್ಟನ್ನು ನೀನು ಲ್ಯಾಮಿನೇಟ್ ಮಾಡಿಸಿ ಮನೆಯಲ್ಲಿ ಇಟ್ಟಿದ್ದೆ ಅಂತ ನನಗೆ ಇವತ್ತೇ ಗೊತ್ತಾದದ್ದು.

ನಿನ್ನ ಹೆಂಡತಿ ಶಾಂತವ್ವ ಅದನ್ನು ಹಿಡಿದುಕೊಂಡು ಕೂತಿದ್ದಳು.
"ಸಿಗರೇಟ್ ಬಿಡ್ರಿ ಅಂದಾಗೊಮ್ಮೆ ಇದನ್ನ ತೋರಸ್ತಿದ್ರು ಅಣ್ಣಾರ. ಎಲ್ಲಾ ಸರಿ ಐತಿ ಅಂತ ಬರದಾರಲ್ರಿ... ಮತ್ತ ಹೆಂಗಾತು?"

ಚಪ್ಪಲಿ ಹುಡುಕುವವನ ಹಾಗೆ ಹೊರಗೆ ಬಂದೆ.
ಬೀದಿ ಕೊನೆಯವರೆಗೂ ಹೋದೆ...
ವಾಪಸ್ ಬಂದು, ಅವಳ ಎದುರು ನೆಲದ ಮೇಲೆ ಕೂತು ಹೇಳಿದೆ. "ಅದು ಅವನ ಉಸಿರಲ್ಲಮ್ಮ. ನಂದು."

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.
ರಿಪೋರ್ಟನ್ನು ಮಗುಚಿ ನೆಲದ ಮೇಲಿಟ್ಟು ಅಂದಳು, "ಆವತ್ತ ಗೊತ್ತಾಗಿದ್ರ ನಾ ಬಿಡಸ್ತಿದ್ನಿ ಅಣ್ಣಾರ."

ಡಾಕ್ಟರೂ ಅದನ್ನೇ ಹೇಳಿದ್ದರು. ಆಗಲೇ ಬಿಟ್ಟಿದ್ದರೆ ಇಷ್ಟು ಬೇಗ ಹೀಗಾಗುತ್ತಿರಲಿಲ್ಲ ಅಂತ.

ಶೆಡ್ಡಿನ ಹುಡುಗರೇ, ನಿಮ್ಮ ಟೋಕನ್ನಿಗೆ ನೀವೇ ಊದಿ. ಫೇಲಾದರೆ ಆಗಲಿ... ಬಿಡಲಿಕ್ಕೆ ಇನ್ನೂ ಟೈಮ್ ಇದೆ ಅಂತ ಅರ್ಥ.
ಲವಂಗ ನಾನು ತಂದುಕೊಡುತ್ತೇನೆ.

ಹೋಗಿ ಬಾ ಮಲ್ಲಪ್ಪ.
ಕೆಮ್ಮಿಲ್ಲದ ಕಡೆ ನಿನ್ನ ಜೀವ ತಣ್ಣಗಿರಲಿ...
ಅಲ್ಲಿಯಾದರೂ ನಿನ್ನ ಉಸಿರು ನಿನ್ನದೇ ಆಗಿರಲಿ.