ಐಸಿನಾಗೆ ಕೈ

ಐಸಿನಾಗೆ ಕೈ ಇಟ್ರೆ ಮೊದ್ಲು ಸುಡ್ತೈತೆ, ಆಮೇಲೆ ಏನೂ ಗೊತ್ತಾಗಲ್ಲ. ನಂಬಲ್ಲ ಅಂದ್ರೆ ದಾವಣಗೆರೆಗೆ ಬರ್ರಿ, ನಮ್ ಮೀನಿನಂಗಡಿ ಪೆಟ್ಟಿಗ್ಯಾಗೆ ಕೈ ಇಟ್ ನೋಡ್ರಿ. ನಾನಂತೂ ಅರ್ಧ ನಿಮಿಷಕ್ಕೆ ತೆಗ್ದು ಕಂಕುಳಾಗೆ ಇಟ್ಕಂತೀನಿ. ಅಂಗಡಿ ಮಾಲೀಕರು ದಾದಾಪೀರ್ ಚಾಚಾ ಮಾತ್ರ ಗಿರಾಕಿ ಜೊತೆ ಮಾತಾಡ್ತಾ ಐಸಿನಾಗೇ ಕೈ ಬಿಟ್ಕಂಡು ನಿಂತಿರ್ತಾರೆ. ಮೂವತ್ತು ವರ್ಷದ ಕೈ, ಗಟ್ಟಿ ಆಗೈತೆ ಅಂತ ಅವರಿವರ ಹತ್ರ ನಾನು ಜಂಬ ಕೊಚ್ಕಂಡಿದ್ದೂ ಐತೆ. ಕೈ ಅವರ್ದು, ಜಂಬ ನಂದು.

ಸೋಮವಾರ ಶಿವನ ವಾರ, ನಮ್ಮೂರಾಗೆ ಮೀನು ತಗಳ್ಳೋರು ಕಮ್ಮಿ. ಅಂಗಡಿ ಬಂದ್. ಅವತ್ತು ಚಾಚಾ ಗಾಳ ಹಾಕಾಕೆ ಹೋಗ್ತಾರೆ. ದಿನಾ ಮೀನು ಮಾರೋರು ರಜಾ ದಿನಾನೂ ಮೀನಿನ ಹಿಂದೇನಾ ಅಂತೀರಿ. ನಾನೂ ಕೇಳಿದ್ದೆ. "ಅಂಗಡೀದು ಸತ್ತ ಮೀನು ಕಣೋ, ಇದು ಜೀವ ಇರೋದು" ಅಂದ್ರು. ಮೊದ್ಲು ಹರಿಹರದ ಹೊಳೆಗೆ ಹೋಗ್ತಿದ್ರು. ಎರಡು ವರ್ಷದಿಂದ ಕೊಂಡಜ್ಜಿ ಕೆರೆ. ಹೊಳೆ ನೀರು ದಾರ ಎಳೀತೈತೆ, ಮೀನು ಯಾವ್ದು ನೀರು ಯಾವ್ದು ಗೊತ್ತಾಗಲ್ಲ, ಕೆರೆ ನೀರು ಸುಮ್ನಿರ್ತೈತೆ ಅಂತಿದ್ರು.

ಈ ಚಳಿಗಾಲದಾಗೆ ಒಂದ್ ಸೋಮವಾರ ನಾನೂ ಜೊತೆಗೆ ಹೋದೆ. ಹಿಂದಿನ ದಿನ ಫೋನಿನಾಗೆ ಒಂದು ವಿಡಿಯೋ ತೋರ್ಸಿದ್ದೆ. ಎಲ್ಲೋ ಮಂಜಿನ ಬೆಟ್ಟ, ಅದ್ರ ಮ್ಯಾಲೆ ಕೆರೆ, ಕೆರೆ ಪೂರಾ ಐಸು. ಜನ ದಿನಗಟ್ಲೆ ನಡ್ಕಂಡು ಹೋಗಿ, ತೂತು ಕೊರ್ದು ಗಾಳ ಬಿಡ್ತಾರೆ. ಚಾಚಾ ನೋಡಿ, "ನಡ್ಕಂಡು ಹೋಗಿದ್ ಸರಿ ಐತೆ" ಅಂದ್ರು. ಅಷ್ಟೇ.

ಯಾಕ ಅಂತ ಮರುದಿನ ಗೊತ್ತಾತು. ಬೈಕ್ ತಂದ್ರೆ ಬ್ಯಾಡ ಅಂದ್ರು. ಬಸ್ಸಿನಾಗೆ ಹೋಗಿ, ಕೆರೆ ಇನ್ನೂ ಎರಡು ಮೈಲಿ ಇರಂಗೇ ಇಳ್ಸಿದ್ರು.

"ಬೈಕಿನ ಗಾಳಿಗೆ ಬೆರಳು ಸೆಟೆದು ಹೋಗ್ತಾವೆ ಮಂಜಾ. ನಡದ್ರೆ ಬಿಸಿ ಆಗ್ತಾವೆ. ಚಳಿಗೆ ಮೀನು ಜೋರಾಗಿ ಕಚ್ಚಲ್ಲ, ಮುಟ್ಟಿ ಹೋಗ್ತೈತೆ. ಬೆರಳಿಗೇ ಗೊತ್ತಾಗ್ಬೇಕು."

ಚಾಚಾ ಕೋಲು ಹಿಡಿಯಲ್ಲ, ತೇಲೋ ಬೆಂಡು ಕಟ್ಟಲ್ಲ. ನೈಲಾನಿನ ತಂಗೂಸಿ ದಾರಾನ ತೋರುಬೆರಳ ಮ್ಯಾಲೆ ಹಾಯ್ಸಿ ಕೂಡ್ತಾರೆ.

ದಾರ್ಯಾಗೆ ಅವರ ಒಂದು ಚಪ್ಪಲಿ ಕಳಚಿ ಬಿತ್ತು. ಅವರು ಹಂಗೇ ನಡೀತಾ ಇದ್ರು. "ಚಾಚಾ, ಒಂದೇ ಕಾಲಿಗೆ ಚಪ್ಪಲಿ, ಹೊಸಾ ಫ್ಯಾಶನ್ನಾ?" ಅಂತ ನಕ್ಕೆ. ಅವರು ಕಾಲು ನೋಡ್ಕಂಡ್ರು. ನಗಲಿಲ್ಲ.

ಗುಡ್ಡದ ನಡುವೆ ಕೆರೆ ತಣ್ಣಗೆ ಮಲಗಿತ್ತು. ಚಾಚಾ ಕಲ್ಲಿನ ಮ್ಯಾಲೆ ಕೂತು ಗಾಳ ಬಿಟ್ರು. ನನಗೆ ಸುಮ್ನೆ ಕೂರಾಕೆ ಬರಲ್ಲ, ದಾರಾನೇ ನೋಡ್ತಿದ್ದೆ. ದಾರ ನಡುಗ್ತು. ಚಾಚಾ ಎಳೀಲಿಲ್ಲ. ಮತ್ತೆ ನಡುಗ್ತು, ಬಿಗೀತು, ಸಡಿಲ ಆತು. ಅವರ ಬೆರಳ ಮ್ಯಾಲೇ. ಅವರು ನೀರು ನೋಡ್ತಾ ಕೂತಿದ್ರು.

"ಏನಾರ ಬಂದಂಗಾತೇನೋ?" ಅಂದ್ರು.

ಇದ್ದಿದ್ದನ್ನ ಮುಖಕ್ಕೇ ಹೇಳೋ ಬಾಯಿ ನಂದು. ಅದ್ಕೇ ಮೂರು ಕೆಲ್ಸ ಕಳ್ಕಂಡಿದೀನಿ. ಅವತ್ತು ಮಾತ್ರ "ಇಲ್ಲ ಚಾಚಾ" ಅಂದೆ.

ದಾರ ಎಳ್ಕಂಡ್ರು. ಗಾಳ ಬೋಳು.

"ಹುಳ ನೀನ್ ತಿಂದ್ಯಾ?"

ನಾನು ಹುಳದ ಡಬ್ಬಿ ಹತ್ರ ಎಳ್ಕಂಡೆ.

"ಶುಗರ್ ಬಂದು ಆರು ವರ್ಷ ಆತು. ಕಾಲು ಮರಗಟ್ಟಿದ್ದು ಗೊತ್ತಿತ್ತು. ಬೆರಳಿಂದು ನಾನೇ ಒಪ್ಕಂಡಿರ್ಲಿಲ್ಲ." ದಾರಾನ ಕಡ್ಡಿಗೆ ಸುತ್ತಾಕ್ ಹತ್ತಿದ್ರು. "ಸಾಕು, ಇನ್ ಬರೋದ್ ಬ್ಯಾಡ. ಬೆರಳೂ ಸುಳ್ಳು ಹೇಳಿ, ನೀನೂ ಹೇಳಿದ್ರೆ, ನಾನ್ ಯಾರನ್ನ ನಂಬ್ಲಿ?"

ಕಡ್ಡಿ ಕಿತ್ಕಂಡೆ. ಹುಳ ಸಿಗ್ಸಿ, ಗಾಳ ಬಿಟ್ಟು, ದಾರಾನ ಅವರ ಬೆರಳ ಮ್ಯಾಲೇ ಹಾಯ್ಸಿದೆ. "ಕೂಡ್ರಿ. ನಾನ್ ನೋಡಿ ಹೇಳ್ತೀನಿ, ನೀವ್ ಎಳೀರಿ." ಬೈದಂಗೇ ಅಂದೆ. ಕೂತ್ರು.

ಬಿಸಿಲು ಏರೋ ತನಕ ಒಂದೇ ಸಲ "ಹೂಂ" ಅಂದೆ. ಅವರು ಎಳೆಯೋದ್ರಾಗೆ ಮೀನು ಹೋತು.

"ನೀನ್ ಹೇಳಿದ್ದು ತಡ ಆತು ಕಣೋ ಕತ್ತೆ" ಅಂತ ಬೈದ್ರು. ಆ ಬೈಗುಳಕ್ಕೆ ನನ್ ಜೀವ ತಂಪಾತು. ಮನೆಗೆ ಮೀನಿಲ್ಲದೇ ಬಂದ್ವಿ.

ಮಂಗಳವಾರ ಅಂಗಡಿಗೆ ಪೆಟ್ಟಿಗೆ ಬಂತು. ಚಾಚಾ ಗಿರಾಕಿ ಜೊತೆ ಮಾತಾಡ್ತಾ ಐಸಿನಾಗೆ ಕೈ ಬಿಟ್ಕಂಡು ನಿಂತ್ರು. ನಾನು ಕತ್ತಿ ಇಟ್ಟು ಮನಸ್ನಾಗೆ ಎಣಿಸ್ದೆ. ಇಪ್ಪತ್ತಾತು.

"ಚಾಚಾ, ಕೈ ತೆಗೀರಿ."

ತೆಗ್ದ್ರು.